ಸಸಿ ಬೀಳುವ ಮುನ್ನ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ವಿದ್ಯಾರ್ಥಿಗಳು ಮತ್ತು ಗ್ರಾಮಸ್ಥರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು ಈ ಶಾಲೆಯಲ್ಲಿ ಎಂಟರಿಂದ ಹತ್ತನೇ ತರಗತಿಯವರೆಗೆ ಓದಿದವನು. ಆಮೇಲೆ ಪಿಯುಸಿ, ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಇಂಥ ಸಮಾರಂಭದಲ್ಲಿ ನನ್ನಂಥವನನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ಕಂಪ್ಯೂಟರ್ ಬಗ್ಗೆ, ಉದ್ಯೋಗದ ಬಗ್ಗೆ ಮಾತಾಡು ಅನ್ನುತ್ತಾರೆ. ಮುಖ್ಯೋಪಾಧ್ಯಾಯಿನಿಯವರು ಫೋನ್ ಮಾಡಿದಾಗ ಹೇಳಿದ್ದೇ ಬೇರೆ. "ನಮ್ಮ ಶಾಲೆ ಕೈತೋಟದಲ್ಲಿ ಎರಡು ಸಲ ಬದನೆ, ಟೊಮೆಟೊ, ಮೆಣಸಿನಕಾಯಿ ಬೀಜ ಹಾಕಿದ್ವಿ. ಎರಡು ಸಲವೂ ಸಸಿ ಹುಟ್ಟಿ, ವಾರದೊಳಗೆ ನೆಲಕ್ಕೆ ಬಿದ್ದು ಹೋದವು. ಈ ಮಣ್ಣಲ್ಲಿ ಏನೂ ಬರಲ್ಲ ಅಂತ ಮಕ್ಕಳು ಕೈ ಬಿಟ್ಟಿದ್ದಾರೆ. ನೀವು ಮನೆ ಮೇಲೆ ತರಕಾರಿ ಬೆಳೀತೀರಂತೆ, ಅದರ ಬಗ್ಗೆ ಹೇಳಿ," ಅಂದರು.

ಆ ಮಾತಿನಲ್ಲಿ ನನಗೆ ನಾಟಿದ್ದು "ಮಕ್ಕಳು ಕೈ ಬಿಟ್ಟಿದ್ದಾರೆ" ಅನ್ನುವುದು. ಬಿಸಿಯೂಟದ ಸಾರಿಗೆ ನಾಲ್ಕು ಬದನೆಕಾಯಿ ಕಡಿಮೆಯಾದರೆ ದೊಡ್ಡ ನಷ್ಟವಲ್ಲ. ಆದರೆ ಹದಿಮೂರು ವರ್ಷದ ಮಗು "ನನ್ನ ಕೈಗೆ ಗಿಡ ಬರಲ್ಲ" ಅಂತ ತೀರ್ಮಾನ ಮಾಡಿಕೊಂಡರೆ ಅದು ನಷ್ಟ. ಕಾರಣ ಮಣ್ಣೂ ಅಲ್ಲ, ಕೈಗುಣವೂ ಅಲ್ಲ. ಅದೊಂದು ರೋಗ. ಅದಕ್ಕೆ ಹೆಸರಿದೆ, ಅದು ಬರುವುದಕ್ಕೆ ದಾರಿ ಇದೆ, ಆ ದಾರಿಯನ್ನು ಮುಚ್ಚುವುದಕ್ಕೂ ಬರುತ್ತದೆ. ಈ ಹೊತ್ತು ಅದನ್ನೇ ಮಾತಾಡುತ್ತೇನೆ.

ನಮ್ಮ ಕೋಲಾರ ಸೀಮೆಯ ರೈತರಿಗೆ ಈ ರೋಗ ಹೊಸದಲ್ಲ. ಕೃಷಿ ಇಲಾಖೆಯ ಪುಸ್ತಕಗಳಲ್ಲಿ ಸಸಿ ಕೊಳೆ ರೋಗ, ಸಸಿ ಸಾಯುವ ರೋಗ ಅಂತ ಬರೆಯುತ್ತಾರೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಎಲೆಕೋಸು, ಹೂಕೋಸು, ಹೊಗೆಸೊಪ್ಪು, ಚೆಂಡು ಹೂ, ಹೀಗೆ ಮೊದಲು ಮಡಿಯಲ್ಲಿ ಸಸಿ ಮಾಡಿ ಆಮೇಲೆ ಕಿತ್ತು ನಾಟಿ ಮಾಡುವ ಎಲ್ಲ ಬೆಳೆಗೂ ಇದು ಬರುತ್ತದೆ.

ಅದರ ಲಕ್ಷಣ ಎರಡು ಬಗೆ. ಮೊದಲನೆಯದು ಕಣ್ಣಿಗೆ ಕಾಣದ್ದು. ಬೀಜ ಮೊಳಕೆ ಒಡೆಯುತ್ತದೆ, ಮಣ್ಣಿನಿಂದ ತಲೆ ಎತ್ತುವ ಮೊದಲೇ ಒಳಗೇ ಕೊಳೆತು ಹೋಗುತ್ತದೆ. ನಾವು "ಬೀಜ ಸರಿ ಇಲ್ಲ, ಅಂಗಡಿಯವನು ಮೋಸ ಮಾಡಿದ" ಅಂದುಕೊಳ್ಳುತ್ತೇವೆ. ಕೆಲವು ಸಲ ಬೀಜವೇ ಹಳೆಯದಿರಬಹುದು. ಆದರೆ ಮಣ್ಣನ್ನು ಬೆರಳಲ್ಲಿ ಕೆದಕಿ ನೋಡಿ, ಮೊಳಕೆ ಕಂದು ಬಣ್ಣಕ್ಕೆ ತಿರುಗಿ ಮೆತ್ತಗೆ ಆಗಿದ್ದರೆ ಬೀಜದ ತಪ್ಪಲ್ಲ, ಕೊಳೆಯ ಕೆಲಸ.

ಎರಡನೆಯದು ಶಾಲೆಯ ಮಡಿಯಲ್ಲಿ ಆದದ್ದು. ಸಸಿ ಚೆನ್ನಾಗಿ ಹುಟ್ಟುತ್ತದೆ, ಎರಡು ಎಲೆ ಬಿಡುತ್ತದೆ. ಒಂದು ಬೆಳಿಗ್ಗೆ ನೋಡಿದರೆ ನಾಲ್ಕೈದು ಸಸಿ ಮಲಗಿರುತ್ತವೆ. ಎಲೆ ಇನ್ನೂ ಹಸಿರಾಗೇ ಇರುತ್ತದೆ, ಅದಕ್ಕೇ ಯಾರೋ ತುಳಿದಿರಬೇಕು, ಕೋಳಿ ಕೆದಕಿರಬೇಕು ಅನ್ನಿಸುತ್ತದೆ. ಬಗ್ಗಿ ನೋಡಿದರೆ ಕಾಂಡ ಮಣ್ಣಿಗೆ ತಾಕುವ ಜಾಗದಲ್ಲಿ ನೀರು ನೀರಾಗಿ, ದಾರದಷ್ಟು ಸಣ್ಣಗಾಗಿರುತ್ತದೆ. ಮಾರನೇ ದಿನ ಅದರ ಸುತ್ತಲಿನವು ಬೀಳುತ್ತವೆ. ನಾಲ್ಕು ದಿನದಲ್ಲಿ ಮಡಿಯ ನಡುವೆ ತಟ್ಟೆಯಗಲದ ಬೋಳು. ಹೀಗೆ ವೃತ್ತವಾಗಿ ಹರಡಿದರೆ ಅದು ಕೋಳಿಯೂ ಅಲ್ಲ, ಇಲಿಯೂ ಅಲ್ಲ.

ಇದನ್ನು ಮಾಡುವವರು ಯಾರು? ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಶಿಲೀಂಧ್ರಗಳು, ನಾವು ಬೂಷ್ಟು ಅನ್ನುವ ಜಾತಿಯವು. ಪಿಥಿಯಂ, ಫೈಟಾಫ್ತೊರಾ, ರೈಜೋಕ್ಟೋನಿಯಾ, ಫ್ಯುಸೇರಿಯಂ ಅಂತ ಹೆಸರು. ಮಕ್ಕಳು ಹೆಸರು ಬಾಯಿಪಾಠ ಮಾಡಬೇಕಾಗಿಲ್ಲ. ಪಿಥಿಯಂ ಒಂದನ್ನು ನೆನಪಿಟ್ಟುಕೊಳ್ಳಿ, ಮಳೆಗಾಲದ ಮಡಿಯಲ್ಲಿ ಮುಖ್ಯ ಕಳ್ಳ ಅದೇ. ಇನ್ನೊಂದು ವಿಚಿತ್ರ ಹೇಳುತ್ತೇನೆ. ನೋಡಲು ಬೂಷ್ಟಿನ ಹಾಗೇ ಇದ್ದರೂ ಪಿಥಿಯಂ ನಿಜವಾದ ಶಿಲೀಂಧ್ರ ಅಲ್ಲ ಅಂತ ಈಗಿನ ವಿಜ್ಞಾನಿಗಳು ಬೇರೆ ಗುಂಪಿಗೆ ಸೇರಿಸಿದ್ದಾರೆ. ಅದರ ನೆಂಟಸ್ತನ ಇರುವುದು ನೀರಿನ ಪಾಚಿಗಳ ಕಡೆ. ಅದರ ಬೀಜಕಣಗಳಿಗೆ ಎರಡೆರಡು ಬಾಲ ಇರುತ್ತವೆ. ಮಣ್ಣಿನ ಕಣಗಳ ನಡುವೆ ನೀರು ನಿಂತಿದ್ದರೆ ಆ ನೀರಿನಲ್ಲಿ ಈಜಿಕೊಂಡು, ಎಳೆ ಬೇರು ಬಿಡುವ ರಸದ ಜಾಡು ಹಿಡಿದು ಹೋಗಿ ಅಂಟಿಕೊಳ್ಳುತ್ತವೆ. ನೀರು ಬಸಿದು ಹೋಗಿ ಆ ಜಾಗದಲ್ಲಿ ಗಾಳಿ ತುಂಬಿದರೆ ಈಜುವುದಕ್ಕೆ ದಾರಿಯೇ ಇರುವುದಿಲ್ಲ.

ನಾನು ಇವತ್ತು ಹೇಳುವುದರಲ್ಲಿ ಮುಕ್ಕಾಲು ಪಾಲು ಈ ಒಂದು ಮಾತಿನೊಳಗಿದೆ. ನಿಂತ ನೀರೇ ಅದಕ್ಕೆ ರಸ್ತೆ.

ಹಾಗಂತ ನೀರು ಒಣಗಿದ ತಕ್ಷಣ ಅದು ಸಾಯುವುದಿಲ್ಲ. ದಪ್ಪ ಗೋಡೆಯ ಬೀಜಕಣಗಳನ್ನು ಮಾಡಿಕೊಂಡು ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ಒಂದೇ ಜಾಗದಲ್ಲಿ ವರ್ಷಾ ವರ್ಷಾ ಸಸಿ ಮಡಿ ಮಾಡಬಾರದು ಅಂತ ಹಿರಿಯರು ಹೇಳುವುದಕ್ಕೆ ಇದೇ ಕಾರಣ. ನಮ್ಮ ದೇಶದ ಪಿಥಿಯಂ ಜಾತಿಗಳನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದವರು ಎಡ್ವಿನ್ ಬಟ್ಲರ್ ಎಂಬ ವಿಜ್ಞಾನಿ. ಬಿಹಾರದ ಪೂಸಾದ ಸಂಶೋಧನಾ ಸಂಸ್ಥೆಯಲ್ಲಿದ್ದ ಅವರು 1907ರಲ್ಲೇ ಇದರ ಬಗ್ಗೆ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅಂದರೆ ಈ ರೋಗದ ತಿಳಿವಳಿಕೆಗೆ ನೂರು ವರ್ಷ ದಾಟಿದೆ. ಆ ತಿಳಿವಳಿಕೆ ನಮ್ಮ ಶಾಲೆಯ ಹಿತ್ತಲಿಗೆ ಇನ್ನೂ ಬಂದಿಲ್ಲ ಅಷ್ಟೇ.

ಕರ್ನಾಟಕಕ್ಕೆ ಈ ವಿಷಯದಲ್ಲಿ ತನ್ನದೇ ಕಥೆ ಇದೆ, ಅದನ್ನು ಮಕ್ಕಳು ತಿಳಿದಿರಬೇಕು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುತ್ತದೆ. ಅದಕ್ಕೆ ಕೊಳೆರೋಗ ಅನ್ನುತ್ತಾರೆ. ಅದನ್ನು ಮಾಡುವುದು ಪಿಥಿಯಂನ ಹತ್ತಿರದ ನೆಂಟ ಫೈಟಾಫ್ತೊರಾ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆಸಿ ಅಲ್ಲಿ ಘೋರ ಕ್ಷಾಮ ತಂದದ್ದೂ ಇದೇ ಕುಲದ್ದು. ಶಿರಸಿ, ಸಾಗರದ ಕಡೆಯ ತೋಟಗಾರರು ಯಾವ ವಿಜ್ಞಾನಿಯೂ ಬರುವ ಮೊದಲೇ ಒಂದು ಉಪಾಯ ಮಾಡಿದ್ದರು. ಮಳೆ ಹಿಡಿಯುವ ಮುಂಚೆ ಮರ ಹತ್ತಿ, ಒಂದೊಂದು ಗೊನೆಗೂ ಮಳೆನೀರು ತಾಗದಂತೆ ಹೊದಿಕೆ ಕಟ್ಟುತ್ತಿದ್ದರು. ಕೊಟ್ಟೆ ಕಟ್ಟುವುದು ಅಂತ ಅದಕ್ಕೆ ಹೆಸರು. ರೋಗಾಣು ಅವರ ಕಣ್ಣಿಗೆ ಕಂಡಿರಲಿಲ್ಲ. ನೀರು ತಾಗದಿದ್ದರೆ ಕೊಳೆಯುವುದಿಲ್ಲ ಅನ್ನುವುದು ಗೊತ್ತಿತ್ತು.

1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಕೊಳೆರೋಗವನ್ನು ಅಭ್ಯಾಸ ಮಾಡಿದ ಅವರು ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ಸಿಂಪಡಿಸುವ ಪದ್ಧತಿಯನ್ನು ಬಳಕೆಗೆ ತಂದರು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ಬಳ್ಳಿಯ ರೋಗಕ್ಕೆ 1880ರ ದಶಕದಲ್ಲಿ ಕಂಡುಹಿಡಿದ ಔಷಧಿ ಅದು. ಇವತ್ತಿಗೂ ಮಲೆನಾಡಿನವರು ಅದನ್ನೇ ಹೊಡೆಯುತ್ತಾರೆ. ಆದರೆ ಗಮನಿಸಿ, ಅದನ್ನು ಹೊಡೆಯುವುದು ಮಳೆ ಹಿಡಿಯುವ ಮುಂಚೆ. ಕೊಳೆತು ಉದುರಿದ ಅಡಿಕೆಯನ್ನು ಬೋರ್ಡೋ ಮತ್ತೆ ಗೊನೆಗೆ ಅಂಟಿಸುವುದಿಲ್ಲ. ಕೊಟ್ಟೆಯೂ ಮುಂಚೆ, ಬೋರ್ಡೋವೂ ಮುಂಚೆ. ಇನ್ನೊಂದು ಸಂಗತಿ ಕೇಳಿದರೆ ಕನ್ನಡ ಮೇಷ್ಟ್ರಿಗೆ ಸಂತೋಷವಾಗಬಹುದು. ಕಾಫಿ ಗಿಡದ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ವಿಜ್ಞಾನಿಯೊಬ್ಬರು ಹೆಸರಿಡುವಾಗ "ಕೊಳೆರೋಗ" ಎಂಬ ನಮ್ಮ ಮಾತನ್ನೇ ಅದರ ವೈಜ್ಞಾನಿಕ ಹೆಸರಿನಲ್ಲಿ ಸೇರಿಸಿಬಿಟ್ಟರು.

ಅಡಿಕೆ ನಮ್ಮ ಬೆಳೆಯಲ್ಲ, ನಿಜ. ಮುಂಚೆ ಮಾಡುವುದಕ್ಕೂ ಆಮೇಲೆ ಮಾಡುವುದಕ್ಕೂ ಇರುವ ಅಂತರ ಏನು ಅನ್ನುವುದು ನಮ್ಮ ಮನೆಯಲ್ಲೇ ನಾನು ಕಂಡಿದ್ದೇನೆ.

ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಅಪ್ಪ ಕೈಸಾಲ ತಂದು ಹೈಬ್ರಿಡ್ ಟೊಮೆಟೊ ಬೀಜ ಕೊಂಡಿದ್ದರು. ಆಗ ಈಗಿನ ಹಾಗೆ ನರ್ಸರಿಯಿಂದ ಟ್ರೇ ಸಸಿ ತರುವುದು ನಮ್ಮೂರಲ್ಲಿ ಇರಲಿಲ್ಲ, ಬಾವಿ ಪಕ್ಕ ಮೂರು ಮಡಿ ಮಾಡಿ ಬೀಜ ಚೆಲ್ಲಿದರು. ಸಸಿ ಒತ್ತೊತ್ತಾಗಿ ಹುಟ್ಟಿ ಹಸಿರು ಜಮಖಾನ ಹಾಸಿದ ಹಾಗಿತ್ತು. ದೀಪಾವಳಿ ಆದ ಮೇಲೆ ಚಂಡಮಾರುತದ ಜಡಿಮಳೆ ಹಿಡಿಯಿತು. ಮಳೆ ಹೊಡೆತಕ್ಕೆ ಎಳೆ ಸಸಿ ಹಾಳಾಗುತ್ತವೆ ಅಂತ ಅಪ್ಪ ಗೊಬ್ಬರದ ಚೀಲಗಳನ್ನು ಹೊಲಿದು ಮಡಿಗೆ ಒತ್ತಿ ಹೊದಿಸಿದರು. ಎರಡು ದಿನ ಬಿಟ್ಟು ತೆಗೆದು ನೋಡಿದರೆ ಒಂದು ಮಡಿ ಪೂರ್ತಿ ಮಲಗಿತ್ತು, ಇನ್ನೊಂದರಲ್ಲಿ ಅರ್ಧ. ಓಡಿ ಹೋಗಿ ಅಂಗಡಿಯಿಂದ ಉದ್ದರಿಯಲ್ಲಿ ಒಂದು ಔಷಧಿ ತಂದು ಬಿದ್ದ ಸಸಿಗಳ ಮೇಲೆಲ್ಲ ಹೊಡೆದರು. ಒಂದೂ ಏಳಲಿಲ್ಲ. "ನಮ್ಮ ಗ್ರಹಚಾರ" ಅಂತ ಜಗುಲಿ ಮೇಲೆ ಕೂತುಬಿಟ್ಟರು. ಈ ಬೆಳೆ ಹೋದರೆ ನನ್ನನ್ನು ಶಾಲೆ ಬಿಡಿಸಿ ಇಟ್ಟಿಗೆ ಗೂಡಿಗೆ ಕಳಿಸುವ ಮಾತು ಆ ರಾತ್ರಿ ಮನೆಯಲ್ಲಿ ಬಂತು.

ಮಾರನೇ ದಿನ ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. ಅವರು, "ಬಿದ್ದಿರೋದು ನಾಲ್ಕು, ನಿಂತಿರೋದು ನಾಲ್ಕು, ಎರಡೂ ಬೇರು ಸಮೇತ ತಗೊಂಡು ಬಾ," ಅಂದರು. ಪ್ರಯೋಗಾಲಯದ ಒಂದೇ ಒಂದು ಸೂಕ್ಷ್ಮದರ್ಶಕದಲ್ಲಿ ಬಿದ್ದ ಸಸಿಯ ಕಾಂಡದ ತೆಳು ಚೂರು ಇಟ್ಟು ತೋರಿಸಿದರು. ಒಳಗೆ ಬಿಳಿ ನೂಲಿನ ಸಿಕ್ಕು. ಇಡೀ ತರಗತಿ ಸಾಲಾಗಿ ನಿಂತು ನೋಡಿತು. ಸಂಜೆ ಸೈಕಲ್ ಮೇಲೆ ನಮ್ಮ ಹೊಲಕ್ಕೇ ಬಂದರು. ಅಪ್ಪನಿಗೆ ಅವರು ಹೇಳಿದ್ದು ನನಗೆ ಹಾಗೇ ನೆನಪಿದೆ. "ಗೌಡ್ರೇ, ಬಿದ್ದದ್ದಕ್ಕೆ ಔಷಧಿ ಇಲ್ಲ. ನಿಂತದ್ದಕ್ಕೆ ದಾರಿ ಇದೆ."

ಚೀಲ ತೆಗೆಸಿದರು. ಮಡಿಯ ಸುತ್ತ ಕಾಲುವೆ ತೋಡಿಸಿ ನೀರು ಹೊರಗೆ ಹರಿಸಿದರು. ಬಿದ್ದ ಸಸಿಗಳನ್ನೂ, ಅವುಗಳ ಅಂಚಿನ ಒಂದು ಗೇಣು ಅಗಲದ ಸಸಿಗಳನ್ನೂ ಮಣ್ಣು ಸಮೇತ ತೆಗೆಸಿ ದೂರ ಹಾಕಿಸಿದರು. ಒತ್ತಾಗಿದ್ದ ಕಡೆ ಸಸಿ ತೆಳು ಮಾಡಿಸಿದರು. ಉಳಿದ ಔಷಧಿಯನ್ನು ಹದವಾಗಿ ಕಲಸಿ, ನಿಂತ ಸಸಿಗಳ ಬುಡಕ್ಕೆ ಮಾತ್ರ ಹಾಕಿಸಿದರು. ಮಳೆ ಬಂದಾಗ ಹೊದಿಕೆಯನ್ನು ಗೂಟ ನೆಟ್ಟು ಮೊಳಕಾಲೆತ್ತರಕ್ಕೆ ಕಟ್ಟಿ ಅಂದರು, ಮಳೆ ತಾಗಬಾರದು, ಗಾಳಿ ಆಡಬೇಕು. ಹಾಗೆ ಮಾಡಿದ ಮೇಲೆ ಒಂದೂವರೆ ಮಡಿ ಸಸಿ ಉಳಿಯಿತು. ಇಟ್ಟುಕೊಂಡಿದ್ದ ಜಮೀನಿನಲ್ಲಿ ಅರ್ಧಕ್ಕೆ ನಾಟಿ ಆಯಿತು. ಸಾಲ ತೀರುವಷ್ಟು ಬಂತು. ನಾನು ಹತ್ತನೇ ತರಗತಿಗೆ ಬಂದೆ. ಆ ಮೇಷ್ಟ್ರು ನಿವೃತ್ತರಾಗಿ ಎಷ್ಟೋ ವರ್ಷವಾಯಿತು. ಈ ಶಾಲೆ ಐವತ್ತು ವರ್ಷದಲ್ಲಿ ಏನು ಮಾಡಿತು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಆ ಸೈಕಲ್ಲಿನ ವಿಚಾರವನ್ನು.

ಈಗ ಬೆಂಗಳೂರಿನ ಮಾತಿಗೆ ಬರುತ್ತೇನೆ. ನಾವಿರುವುದು ತ್ಯಾಗರಾಜನಗರದಲ್ಲಿ. ಗಾಂಧಿಬಜಾರು, ಎನ್.ಆರ್. ಕಾಲೊನಿ ಒಂದು ಕಡೆ, ಜಯನಗರ ಇನ್ನೊಂದು ಕಡೆ. ಹಳೆಯ ಬಡಾವಣೆ, ಮನೆಗೆ ಮನೆ ತಾಗಿಕೊಂಡಿದೆ, ನೆಲದ ಮೇಲೆ ಒಂದು ಬದನೆ ಗಿಡ ನೆಡುವಷ್ಟೂ ಜಾಗವಿಲ್ಲ. ಆದರೆ ಮೇಲೆ ಹತ್ತಿ ನೋಡಿದರೆ ತಾರಸಿ ತಾರಸಿಯಲ್ಲೂ ಕುಂಡಗಳು. ಊರಿನಿಂದ ಬಂದ ಅಮ್ಮನಿಗೆ ಸುಮ್ಮನೆ ಕೂರಲು ಆಗುವುದಿಲ್ಲ. ನಮ್ಮ ತಾರಸಿಯಲ್ಲೂ ಟೊಮೆಟೊ, ಬದನೆ, ಮೆಣಸಿನಕಾಯಿ, ಸೊಪ್ಪು ಇದೆ.

ನಮ್ಮ ಬೀದಿಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಲಾಲ್‌ಬಾಗಿನ ನರ್ಸರಿಯಿಂದ ಒಳ್ಳೆಯ ಬೀಜ ತರುತ್ತಾರೆ, ಒಳ್ಳೆಯ ಕುಂಡ ತರುತ್ತಾರೆ. ಜೂನ್ ತಿಂಗಳ ಜಿಟಿಜಿಟಿ ಮಳೆಯಲ್ಲಿ ಅವರ ಸಸಿಗಳೆಲ್ಲ ಬಿದ್ದವು. "ಏನಪ್ಪಾ ಇದು, ದಿನಾ ಸಂಜೆ ತಪ್ಪದೆ ನೀರು ಹಾಕ್ತೀನಿ, ಆದ್ರೂ ಸಾಯ್ತಾವಲ್ಲ," ಅಂದರು. ನಮ್ಮಮ್ಮ ಪಕ್ಕದಲ್ಲೇ ಇದ್ದರು. "ಆದ್ರೂ ಅಲ್ಲ ಸ್ವಾಮಿ, ಅದಕ್ಕೇ ಸಾಯ್ತಾವೆ," ಅಂದರು. ಅವರು ನಕ್ಕುಬಿಟ್ಟರು. ಆದರೆ ನಂಬಲಿಲ್ಲ.

ನಾನು ಓದಿದ್ದು ಗಿಡದ ವಿದ್ಯೆಯಲ್ಲ. ಆದರೆ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಅಭ್ಯಾಸ ಆಗಿಹೋಗಿರುತ್ತದೆ. ಯಾವುದಾದರೂ ಕೆಟ್ಟರೆ ಹತ್ತು ಕಡೆ ಕೈ ಹಾಕಬಾರದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ನೋಡಬೇಕು, ಏನಾಯಿತು ಅಂತ ಬರೆದಿಡಬೇಕು. ಆ ಹಿರಿಯರೂ ನಾನೂ ಸೇರಿ ನಾಲ್ಕು ಟ್ರೇ ತೆಗೆದುಕೊಂಡೆವು. ಒಂದೇ ಪೊಟ್ಟಣದ ಟೊಮೆಟೊ ಬೀಜ, ಒಂದೇ ದಿನ ಬಿತ್ತನೆ. ಮೊದಲನೆಯದಕ್ಕೆ ಹಳೆಯ ಕುಂಡದ ಮಣ್ಣು, ದಿನಾ ಸಂಜೆ ನೀರು. ಎರಡನೆಯದಕ್ಕೆ ಅದೇ ಮಣ್ಣು, ಆದರೆ ಮೇಲ್ಮಣ್ಣು ಒಣಗಿದ ಮೇಲೆ ಬೆಳಿಗ್ಗೆ ಮಾತ್ರ ನೀರು. ಮೂರನೆಯದಕ್ಕೆ ಹೊಸ ಕೊಕೊಪೀಟ್, ಸಂಜೆ ನೀರು. ನಾಲ್ಕನೆಯದಕ್ಕೆ ಹೊಸ ಕೊಕೊಪೀಟ್, ಬೆಳಿಗ್ಗೆ ನೀರು. ಮೊದಲ ಟ್ರೇಯಲ್ಲಿ ಅರ್ಧಕ್ಕಿಂತ ಹೆಚ್ಚು ಸಸಿ ಬಿದ್ದವು. ನಾಲ್ಕನೆಯದರಲ್ಲಿ ಬಹುತೇಕ ಎಲ್ಲವೂ ನಿಂತವು. ನಮ್ಮಿಬ್ಬರಿಗೂ ಆಶ್ಚರ್ಯವಾದದ್ದು ಎರಡನೆಯದನ್ನು ನೋಡಿ. ಅದೇ ಹಳೆಯ ಮಣ್ಣಿದ್ದರೂ ನೀರಿನ ಹೊತ್ತು ಬದಲಾದದ್ದಕ್ಕೇ ಬಹಳ ಸಸಿ ಉಳಿದಿದ್ದವು. ಒಂದು ತಾರಸಿಯ ನಾಲ್ಕು ಟ್ರೇ ನೋಡಿ ಸಂಶೋಧನೆ ಅನ್ನಲಾಗದು. ಆದರೆ ಆ ಹಿರಿಯರು ಸಂಜೆ ನೀರು ಹಾಕುವುದನ್ನು ಬಿಟ್ಟರು. ಹೇಳಿದ್ದಕ್ಕೆ ಬಿಡದವರು ಕಂಡದ್ದಕ್ಕೆ ಬಿಟ್ಟರು. ಮಕ್ಕಳೇ, ಈ ಪ್ರಯೋಗವನ್ನು ನೀವೂ ಇಲ್ಲಿ ಮಾಡಬಹುದು. ನಾನು ಹೇಳಿದೆ ಅಂತ ನಂಬಬೇಡಿ, ಮಾಡಿ ನೋಡಿ.

ಇನ್ನು ಶಾಲೆಯ ಕೈತೋಟಕ್ಕೂ, ನಿಮ್ಮ ಮನೆ ಹಿತ್ತಲಿಗೂ ಆಗುವಂಥ ಕ್ರಮವನ್ನು ಒಂದೊಂದಾಗಿ ಹೇಳುತ್ತೇನೆ. ಬಹಳ ಪಾಲು ದುಡ್ಡಿನ ಕೆಲಸವಲ್ಲ.

ಮೊದಲು ಜಾಗ. ಬಿಸಿಲು ಬೀಳುವ, ನೀರು ನಿಲ್ಲದ ಕಡೆ ಮಡಿ ಇರಲಿ. ಈಗ ಶಾಲೆಯ ಮಡಿ ಇರುವುದು ಕೈತೊಳೆಯುವ ತೊಟ್ಟಿಯ ಪಕ್ಕ, ಗೋಡೆಯ ನೆರಳಿನಲ್ಲಿ. ನೀರು ಸುಲಭವಾಗಿ ಸಿಗಲಿ ಅಂತ ಅಲ್ಲಿ ಮಾಡಿದ್ದಾರೆ, ಒಳ್ಳೆಯ ಉದ್ದೇಶವೇ. ಆದರೆ ಸಸಿಗೆ ಅದು ಕೆಟ್ಟ ಜಾಗ. ನೆರಳಿನಲ್ಲಿ ಸಸಿ ಬೆಳಕು ಹುಡುಕಿಕೊಂಡು ಉದ್ದಕ್ಕೆ, ಬಡಕಲಾಗಿ ಬೆಳೆಯುತ್ತದೆ, ಬೇಗ ಬೀಳುತ್ತದೆ. ಧ್ವಜಸ್ತಂಭದ ಹಿಂದಿನ ಬಯಲಿಗೆ ಬದಲಾಯಿಸಿ. ಮಡಿ ನೆಲಮಟ್ಟದಲ್ಲಿ ಬೇಡ, ಒಂದು ಗೇಣಿನಷ್ಟು, ಅಂದರೆ 15 ರಿಂದ 20 ಸೆಂಟಿಮೀಟರ್ ಎತ್ತರಿಸಿ. ಅಗಲ ಒಂದು ಮೀಟರ್ ಸಾಕು, ಎರಡೂ ಕಡೆಯಿಂದ ಕೈ ಎಟುಕಬೇಕು. ಸುತ್ತ ಕಾಲುವೆ ಇರಲಿ.

ಎರಡನೆಯದು ಮಣ್ಣು. ಬೇಸಿಗೆ ರಜೆಗೆ ಮುಂಚೆ ಮಡಿಯ ಮಣ್ಣು ಸಡಿಲ ಮಾಡಿ, ನೀರು ಹಾಕಿ ಚೆನ್ನಾಗಿ ನೆನೆಸಿ, ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ. ಅಂಚಿಗೆ ಮಣ್ಣು ಹಾಕಿ ಮುಚ್ಚಿ. ಏಪ್ರಿಲ್, ಮೇ ಬಿಸಿಲಿನಲ್ಲಿ ನಾಲ್ಕರಿಂದ ಆರು ವಾರ ಹಾಗೇ ಬಿಟ್ಟರೆ ಒಳಗಿನ ಶಾಖಕ್ಕೆ ರೋಗಾಣುಗಳು, ಕಳೆ ಬೀಜಗಳು ಬಹಳ ಮಟ್ಟಿಗೆ ಸಾಯುತ್ತವೆ. ಕಪ್ಪು ಹಾಳೆ ಬೇಡ, ಬಿಸಿಲು ಒಳಗೆ ಹೋಗಬೇಕು. ನೀವೆಲ್ಲ ರಜೆಯಲ್ಲಿ ಅಜ್ಜಿ ಊರಿನಲ್ಲಿರುವಾಗ ಸೂರ್ಯನೇ ನಿಮ್ಮ ಕೆಲಸ ಮಾಡಿರುತ್ತಾನೆ. ಹಿಂದೆ ಹೊಗೆಸೊಪ್ಪಿನ ಮಡಿ ಮೇಲೆ ಒಣ ಕಸ ಹರಡಿ ಸುಡುತ್ತಿದ್ದದ್ದೂ ಇದೇ ಕಾರಣಕ್ಕೆ. ಕುಂಡ, ಟ್ರೇಗಳಲ್ಲಿ ಮಾಡುವುದಾದರೆ ಹೊಸ ಕೊಕೊಪೀಟ್ ಬಳಸಿ, ಹಳೆಯ ಟ್ರೇಗಳನ್ನು ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಿ. ಗೊಬ್ಬರ ಪೂರ್ತಿ ಕಳಿತಿರಬೇಕು. ಅರ್ಧ ಕಳಿತ ತಿಪ್ಪೆ ಗೊಬ್ಬರ ಸಸಿ ಮಡಿಗೆ ಹಾಕಬೇಡಿ. ಯೂರಿಯಾ ಅಂತೂ ಬೇಡವೇ ಬೇಡ, ಸಸಿ ಮೆತ್ತಗಾಗುತ್ತದೆ.

ಮೂರನೆಯದು ಬೀಜ. ಬಿತ್ತುವ ಮೊದಲು ಬೀಜೋಪಚಾರ ಮಾಡಿ. ಟ್ರೈಕೋಡರ್ಮಾ ಅಂತ ಒಂದು ಒಳ್ಳೆಯ ಶಿಲೀಂಧ್ರ ಇದೆ. ಅದು ಕೆಟ್ಟ ಶಿಲೀಂಧ್ರಗಳ ಜೊತೆ ಆಹಾರಕ್ಕೆ ಪೈಪೋಟಿ ಮಾಡುತ್ತದೆ, ಅವುಗಳಿಗೆ ಸುತ್ತಿಕೊಂಡು ಅವನ್ನೇ ತಿನ್ನುತ್ತದೆ. ಪುಡಿ ರೂಪದಲ್ಲಿ ಸಿಗುತ್ತದೆ. ನಮ್ಮ ಅಳತೆಗೆ ಒಂದು ಚಮಚ ಬೀಜಕ್ಕೆ ಒಂದು ಚಿಟಿಕೆ ಪುಡಿ, ಎರಡು ಹನಿ ನೀರು, ಕಲಸಿ ನೆರಳಲ್ಲಿ ಆರಿಸಿ ಬಿತ್ತಿ. ದೊಡ್ಡ ಮಡಿ ಮಾಡುವ ರೈತರು 100 ಕೆ.ಜಿ. ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಒಂದೆರಡು ಕೆ.ಜಿ. ಟ್ರೈಕೋಡರ್ಮಾ ಬೆರೆಸಿ, ತೇವ ಆರದಂತೆ ನೆರಳಲ್ಲಿ ಎರಡು ವಾರ ಇಟ್ಟು ಆಮೇಲೆ ಮಡಿಗೆ ಸೇರಿಸಬಹುದು. ಕೊಳ್ಳುವಾಗ ತಯಾರಾದ ದಿನಾಂಕ ನೋಡಿ. ಅದು ಜೀವ ಇರುವ ವಸ್ತು, ಬಿಸಿಲಲ್ಲಿ ಇಟ್ಟದ್ದು, ಅವಧಿ ಮುಗಿದದ್ದು ಬರೀ ಪುಡಿ ಅಷ್ಟೇ. ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ಸರಿಯಾದ ಮಾಹಿತಿ ಕೊಡುತ್ತಾರೆ.

ಅಂಗಡಿಯಲ್ಲಿ ಸಿಗುವ ಹೈಬ್ರಿಡ್ ಬೀಜಕ್ಕೆ ಎಷ್ಟೋ ಸಲ ಮೊದಲೇ ಔಷಧಿ ಲೇಪಿಸಿರುತ್ತಾರೆ. ಗುಲಾಬಿ, ನೀಲಿ ಬಣ್ಣ ಇರುತ್ತದೆ. ಅದನ್ನು ಮುಟ್ಟಿದ ಮಕ್ಕಳು ಸೋಪು ಹಾಕಿ ಕೈ ತೊಳೆಯಲೇಬೇಕು. ಇನ್ನೊಂದು ವಿಷಯ. ರೋಗ ತಡೆಯುವ ತಳಿ ಹಾಕಿದ್ದೇವೆ, ನಮಗೇನೂ ಆಗಲ್ಲ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಒಳ್ಳೆಯ ತಳಿ. ಎಲೆ ಮುದುಡು ರೋಗ, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ, ಈ ಮೂರನ್ನು ತಡೆಯುತ್ತದೆ. ಆದರೆ ಆ ಮೂರರಲ್ಲಿ ಸಸಿ ಕೊಳೆ ಇಲ್ಲ. ಯಾವ ತಳಿಯಾದರೂ ಎಳೆತನದಲ್ಲಿ ಕಾಪಾಡಬೇಕಾದವರು ನಾವೇ.

ನಾಲ್ಕನೆಯದು ಬಿತ್ತನೆ. ಬೀಜ ಚೆಲ್ಲಬೇಡಿ. ನಾಲ್ಕು ಬೆರಳು ಅಂತರದಲ್ಲಿ ಸಾಲು ಗೀರಿ, ತೆಳುವಾಗಿ ಬಿತ್ತಿ. ಆಳ ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್, ಅಷ್ಟೇ. ಆಳಕ್ಕೆ ಹೋದ ಬೀಜ ಮೇಲೆ ಬರುವುದಕ್ಕೆ ಹೆಚ್ಚು ದಿನ ತೆಗೆದುಕೊಳ್ಳುತ್ತದೆ, ಅಷ್ಟೂ ದಿನ ಅದು ಕೊಳೆಯ ಬಾಯಲ್ಲಿರುತ್ತದೆ. ಮೇಲೆ ರಾಗಿ ಹುಲ್ಲು ಹೊದಿಸುವುದು ಸರಿ, ಆದರೆ ಮೊಳಕೆ ಕಂಡ ದಿನವೇ ಹುಲ್ಲು ತೆಗೆಯಬೇಕು. ಇನ್ನೊಂದು ದಿನ ಇರಲಿ ಅನ್ನುವುದು ಬೇಡ. ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿ ಪ್ಲಾಸ್ಟಿಕ್ ಮುಚ್ಚಿದ್ದರೂ ಅಷ್ಟೇ, ಮೊಳಕೆ ಬಂದೊಡನೆ ಬಿಡಿಸಿ ಹರಡಬೇಕು.

ಐದನೆಯದು ನೀರು. ಬೆಳಿಗ್ಗೆ ಹಾಕಿ. ಹಾಕುವ ಮೊದಲು ಮೇಲ್ಮಣ್ಣು ಬೆರಳಲ್ಲಿ ಮುಟ್ಟಿ. ತಣ್ಣಗೆ, ಅಂಟಂಟಾಗಿದ್ದರೆ ಆ ದಿನ ಬೇಡ. ಸಂಜೆ ಹಾಕಿದ ನೀರು ರಾತ್ರಿಯೆಲ್ಲ ಆರುವುದಿಲ್ಲ. ಶಾಲೆಯಲ್ಲಿ ಏನಾಗುತ್ತದೆ ಗೊತ್ತಾ? ಎಂಟನೇ ತರಗತಿಯವರು ಬಂದು ನೀರು ಹಾಕುತ್ತಾರೆ, ಊಟದ ಬಿಡುವಿನಲ್ಲಿ ಒಂಬತ್ತರವರು ಹಾಕುತ್ತಾರೆ, ಸಂಜೆ ಹೋಗುವಾಗ ಹತ್ತರವರು ಹಾಕುತ್ತಾರೆ. ಎಲ್ಲರಿಗೂ ಪ್ರೀತಿಯೇ. ಮೂರು ತರಗತಿಯ ಪ್ರೀತಿಯಲ್ಲಿ ಸಸಿ ಮುಳುಗಿ ಹೋಗುತ್ತದೆ. ಒಂದು ವಾರಕ್ಕೆ ಒಬ್ಬರಿಗೆ ಮಾತ್ರ ನೀರಿನ ಜವಾಬ್ದಾರಿ ಕೊಡಿ, ಮಡಿಯ ಪಕ್ಕ ಒಂದು ಹಲಗೆಯಲ್ಲಿ "ಇವತ್ತು ನೀರು ಆಯಿತು" ಅಂತ ಬರೆಯುವ ಪದ್ಧತಿ ಇಡಿ.

ಆರನೆಯದು ದಿನಾ ನೋಡುವುದು. ನಿಜವಾದ ಎಲೆಗಳು ಬಂದು ಕಾಂಡ ಗಟ್ಟಿಯಾಗುವವರೆಗೆ, ಅಂದರೆ ಮೊದಲ ಎರಡು ಮೂರು ವಾರ, ದಿನಾ ಬೆಳಿಗ್ಗೆ ಒಬ್ಬರು ಬಗ್ಗಿ ನೋಡಬೇಕು. ಒಂದೇ ಒಂದು ಸಸಿ ಬಿದ್ದಿದ್ದರೂ ನಾಳೆ ನೋಡೋಣ ಅನ್ನಬಾರದು. ಅದನ್ನೂ ಸುತ್ತಲಿನ ನಾಲ್ಕು ಬೆರಳಗಲದ ಸಸಿಗಳನ್ನೂ ಮಣ್ಣು ಸಮೇತ ತೆಗೆದು ದೂರ ಹಾಕಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ನೀರು ನಿಲ್ಲಿಸಿ, ಗಾಳಿ ಬಿಡಿ. ಆಮೇಲೂ ಹರಡುತ್ತಿದ್ದರೆ ರೈತರು ತಾಮ್ರದ ಔಷಧಿ, ಕಾಪರ್ ಆಕ್ಸಿಕ್ಲೋರೈಡ್, ಲೀಟರಿಗೆ 3 ಗ್ರಾಂನಂತೆ ಕಲಸಿ ನಿಂತ ಸಸಿಗಳ ಬುಡಕ್ಕೆ ಹಾಕಬಹುದು. ಟ್ರೈಕೋಡರ್ಮಾ ಹಾಕಿದ ಬೆನ್ನಿಗೇ ಅದನ್ನು ಹಾಕಬೇಡಿ, ಔಷಧಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ, ಎರಡನ್ನೂ ಕೊಲ್ಲುತ್ತದೆ. ಶಾಲೆಯ ಮಡಿಯಲ್ಲಿ ಮಕ್ಕಳ ಕೈಗೆ ಯಾವ ರಾಸಾಯನಿಕವನ್ನೂ ಕೊಡಬೇಡಿ. ಅಲ್ಲಿ ಬಿದ್ದರೆ ಬೀಳಲಿ, ಯಾಕೆ ಬಿತ್ತು ಅಂತ ಬರೆದಿಟ್ಟು ಇನ್ನೊಂದು ಸಾಲು ಬಿತ್ತಲಿ. ಅದು ಪಾಠವೇ.

ಬೂದಿ ಹಾಕಬಹುದಾ, ಅರಿಶಿನ ಹಾಕಬಹುದಾ ಅಂತ ಅಮ್ಮಂದಿರು ಕೇಳುತ್ತಾರೆ. ತೆಳ್ಳಗೆ ಉದುರಿಸಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನೇ ಔಷಧಿ ಅಂತ ನಂಬಿ ನೀರು, ಗಾಳಿ, ಬೆಳಕನ್ನು ಮರೆಯಬಾರದು.

ಕೊನೆಯದಾಗಿ ಒಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡಬೇಕು ಅಂತ ಮಾತಾಡಿಕೊಂಡಿದ್ದೇವೆ. ಫ್ಯಾನು, ಬೀರು, ಕಂಪ್ಯೂಟರು ಎಲ್ಲ ಬರಲಿ. ಅದರ ಜೊತೆಗೆ ನನ್ನ ಬ್ಯಾಚಿನವರು ಎರಡು ಒಳ್ಳೆಯ ಸೂಕ್ಷ್ಮದರ್ಶಕ ಕೊಡುತ್ತಿದ್ದೇವೆ. ಅದು ಬೀರುವಿನಲ್ಲಿ ಬೀಗ ಹಾಕಿಡಲು ಅಲ್ಲ. ಈ ಊರಿನ ಯಾವ ರೈತನ ಮಡಿಯಲ್ಲಿ ಸಸಿ ಬಿದ್ದರೂ ಅವರ ಮಗನೋ ಮಗಳೋ ಬಿದ್ದದ್ದು ನಾಲ್ಕು, ನಿಂತದ್ದು ನಾಲ್ಕು ಶಾಲೆಗೆ ತರಲಿ, ವಿಜ್ಞಾನದ ಶಿಕ್ಷಕರ ಜೊತೆ ನೋಡಲಿ, ಕಂಡದ್ದನ್ನು ಮನೆಗೆ ಹೋಗಿ ಹೇಳಲಿ. ಊರಿನ ಹಿರಿಯರು ಆ ಮಾತನ್ನು ಕಿವಿಗೊಟ್ಟು ಕೇಳಬೇಕು. ಮಡಿಗೆ ಬೇಕಾದ ಪ್ಲಾಸ್ಟಿಕ್ ಹಾಳೆ, ಬೀಜ, ಟ್ರೇಗಳನ್ನು ಈ ಬೇಸಿಗೆಗೆ ಮುಂಚೆ ನಾನೇ ತಂದು ಕೊಡುತ್ತೇನೆ. ನೆಲ ಅಗೆದು ಎತ್ತರದ ಮಡಿ ಮಾಡಿಕೊಡುವ ಕೆಲಸ ಊರಿನ ಯುವಕರದ್ದು.

ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗ ಎಂಟನೇ ತರಗತಿಗೆ ಹೊಸದಾಗಿ ಸೇರುವ ಮಕ್ಕಳ ಕೈಯಿಂದಲೇ ಆ ಮಡಿಗೆ ಮೊದಲ ಬೀಜ ಬೀಳಲಿ. ಈ ಮಣ್ಣಲ್ಲಿ ಏನೂ ಬರಲ್ಲ ಅನ್ನುವ ಮಾತನ್ನು ಅವರು ಕೇಳುವುದೇ ಬೇಡ.